ಇದು ನನ್ನ ಅಜ್ಜಿಯಲ್ಲ

ಹಾರದ ಗಂಟನ್ನು ದಮಯಂತಿ ಉಗುರಿನಿಂದ ಬಿಡಿಸುತ್ತಿದ್ದಾಗಲೇ ಹಿಂದಿನಿಂದ ವಿದ್ಯಾರ್ಥಿನಿಯೊಬ್ಬಳ ತಾಯಿ ಪ್ರಫುಲ್ಲಾ ಪಿಸುಗುಟ್ಟಿದರು: "ಟೀಚರ್, ಜರಾ ಬೇಗ. ಹೆಡ್‌ಮಾಸ್ತರು ಮಾತಾಡ್ತಾರಂತೆ."

ಡೊಂಬಿವಲಿಯ ಆ ಕಟ್ಟಡದ ಪಾರ್ಕಿಂಗ್‌ನಲ್ಲಿ, ಬೈಕುಗಳನ್ನು ಸರಿಸಿ ಮಾಡಿದ ಜಾಗದಲ್ಲಿ, ಸ್ವರ್ಣಲತಾ ಟೀಚರ್ ಮಲಗಿದ್ದರು. ಮೊನ್ನೆಯವರೆಗೂ ಠಾಣೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಠ ಹೇಳಿದವರು. ನಿನ್ನೆ ಹೃದಯ ನಿಂತಿತು. ನಾಳೆಯಿಂದ ಆ ತರಗತಿ ದಮಯಂತಿಯದು. ದುಃಖದ ನಡುವೆಯೂ ಅವಳಿಗೆ ಅದೇ ದಿಗಿಲು.

*

ಕೆಲವು ತಿಂಗಳ ಹಿಂದೆ ಅವಳೇ ಒಂದು ಪ್ರಬಂಧ ಹಿಡಿದು ಸ್ಟಾಫ್‌ರೂಮಿಗೆ ನುಗ್ಗಿದ್ದಳು.

"ನೋಡಿ, ಪ್ರಫುಲ್ಲಾರ ಮಗಳು ಪ್ರೇಕ್ಷಾಳ ಕೆಲಸ! 'ನನ್ನ ಅಜ್ಜಿ' ಬರಿ ಅಂದ್ರೆ ಫೋನಿನ ಎಐ ಹತ್ರ ಬರೆಸಿದ್ದಾಳೆ. ಸೊನ್ನೆ ಕೊಡಿ."

ಸ್ವರ್ಣಲತಾ ನಕ್ಕರು. "ಸೊನ್ನೆ ಕೊಟ್ರೆ ನಾಳೆ ಇನ್ನೂ ಜಾಣತನದಿಂದ ಕದೀತಾಳೆ, ಮಾರಾಯ್ತಿ. ಬಾ ಕ್ಲಾಸಿಗೆ."

ಯಾರ ಹೆಸರನ್ನೂ ಹೇಳದೆ ಪ್ರಬಂಧವನ್ನು ಹಲಗೆಯ ಮೇಲೆ ಬರೆದರು. "ಇದು ಫೋನು ಹೇಳಿದ ಅಜ್ಜಿ. ಇದರಲ್ಲಿ ನಿಮ್ಮ ಅಜ್ಜಿ ಎಲ್ಲಿದ್ದಾರೆ, ಹುಡುಕಿ. ಯಾವ ಭಾಷೇಲಾದ್ರೂ ಹೇಳಿ."

ಬೆಳ್ಳಿಕೂದಲು, ರಾಜಕುಮಾರನ ಕತೆ, ಮಮತೆಯ ಸಾಗರ. ಮಕ್ಕಳು ಒಂದೊಂದೇ ಸಾಲು ಅಳಿಸತೊಡಗಿದರು. ಕೊನೆಗೆ ಪ್ರೇಕ್ಷಾ ಎದ್ದಳು.

"ಇದು ನನ್ನ ಅಜ್ಜಿ ಅಲ್ಲ. ವೋ ಕಹಾನಿ ನಹೀ ಸುನಾತಿ, ಕತೆಗಿತೆ ಹೇಳೋದೇ ಇಲ್ಲ. ಕೋಪರಿ ಮಾರ್ಕೆಟ್‌ನಲ್ಲಿ ಮೀನು ಮಾರ್ತಾರೆ. ಗಿರಾಕಿ ಚೌಕಾಶಿ ಮಾಡಿದ್ರೆ ತುಳುವಿನಲ್ಲಿ ಬೈತಾರೆ!"

ತರಗತಿ ಗೊಳ್ಳೆಂದಿತು.

"ಹಾಂ, ಈಗ ಬಂದ್ರು ಅಜ್ಜಿ," ಎಂದರು ಸ್ವರ್ಣಲತಾ. "ಏನಂತ ಬೈತಾರೆ? ಕೇಳಿಕೊಂಡು ಬಾ, ನನಗೂ ಕಲಿಸು."

ಬಾಗಿಲಲ್ಲಿ ನಿಂತಿದ್ದ ದಮಯಂತಿಗೆ ಅಂದು ಗಲಾಟೆಯಷ್ಟೇ ಕೇಳಿಸಿತ್ತು.

*

ಹೆಡ್‌ಮಾಸ್ತರ್ ಲೋಕನಾಥರು ಗಂಟಲು ಸರಿಮಾಡಿಕೊಂಡು ಮೊಬೈಲು ನೋಡಿ ಓದಿದರು: "ಶ್ರೀಮತಿ ಸ್ವರ್ಣಲತಾ ಜ್ಞಾನದ ದೀಪವಾಗಿದ್ದರು. ತಾಳ್ಮೆಯ ಮೂರ್ತಿಯಾಗಿದ್ದರು..."

"ಸರ್." ಪ್ರೇಕ್ಷಾಳ ದನಿ ಅತ್ತು ಒಡೆದಿತ್ತು. "ಯೇ ಹಮಾರಿ ಟೀಚರ್ ನಹೀ ಹೈ. ಇದು ನಮ್ಮ ಟೀಚರ್ ಅಲ್ಲ."

ಎಲ್ಲರೂ ತಿರುಗಿದರು. ಪ್ರಫುಲ್ಲಾ ಮಗಳ ಕೈ ಎಳೆದರು. ಲೋಕನಾಥರ ಮುಖ ಕೆಂಪಾಯಿತು. ಮೊಬೈಲನ್ನು ಜೇಬಿಗಿಳಿಸಿದರು.

"ಬೆಳಿಗ್ಗೆಯಿಂದ ನನಗೂ ಮಾತೇ ಹೊರಡ್ತಾ ಇಲ್ಲಮ್ಮ. ನೀನೇ ಹೇಳು. ಹೇಗಿದ್ರು?"

"ತಾಳ್ಮೆ ಇರಲೇ ಇಲ್ಲ! ವಾಶಿ ಮಾರ್ಕೆಟ್ ನೋಡೋಕೆ ಹೋದಾಗ ನಮಗಿಂತ ಮೊದಲು ಟ್ರೇನಿಗೆ ನುಗ್ಗಿದ್ರು."

ಅಳುತ್ತಿದ್ದವರು ನಕ್ಕರು. ಸಹಪಾಠಿ ಸುಪ್ರೀತ್ ಮುಂದೆ ಬಂದ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಿದ್ರು, ಜೋರಾಗಿ. ಆಮೇಲೆ ನಮ್ಮ ಜೊತೆ ಕೂತು ಹುಡುಕ್ತಿದ್ರು."

"ಅವರ ಮಿಸ್ಟೇಕ್ ಹಿಡಿದ್ರೆ ಚಪ್ಪಾಳೆ ಹೊಡೀತಿದ್ರು," ಎಂದಿತು ಇನ್ನೊಂದು ದನಿ.

ಮಾತು ಮಾತನ್ನು ಎಳೆದು ತಂದಿತು. ಶವವಾಹನದ ಚಾಲಕ ಎಂಜಿನ್ ಆರಿಸಿ ಇಳಿದು ಬಂದ. ದಮಯಂತಿಗೂ ಹೇಳಲು ಒಂದು ಮಾತಿತ್ತು. ಅವಳು ಹಿರಿಯರ ಸಾಲು ಬಿಟ್ಟು ಮಕ್ಕಳ ಹಿಂದೆ ಹೋಗಿ ನಿಂತಳು. ಮೆಲ್ಲಗೆ ಕೈ ಎತ್ತಿದಳು. ಪ್ರೇಕ್ಷಾ ತನ್ನತ್ತ ನೋಡುವವರೆಗೂ ಇಳಿಸಲಿಲ್ಲ.