ಕ್ಯಾಪ್ಟನ್ ವಾಪಸ್ ಬರುವ ಕಂತು

ಸತ್ತವರನ್ನು ಎಬ್ಬಿಸಿ ಕೂರಿಸುವುದು ನನ್ನ ಕಸುಬು. ಎಂಟು ವರ್ಷದಿಂದ ‘ದೂರಕಕ್ಷೆ’ ಎಂಬ ಧಾರಾವಾಹಿ ಬರೆಯುತ್ತಿದ್ದೇನೆ. ಭೂಮಿ ಬಿಟ್ಟ ಆಕಾಶನೌಕೆಯೊಂದು ದಾರಿ ತಪ್ಪಿ ಅಲೆಯುತ್ತಿದೆ. ಕರ್ನಾಟಕದ ಜನ ಅದನ್ನು ಸಂಜೆಯ ಚಹಾದ ಜೊತೆ ನೋಡುತ್ತಾರೆ. ಇಷ್ಟು ವರ್ಷ ಎಳೆಯಬೇಕೆಂದರೆ ಒಂದು ಸೂತ್ರ ಗೊತ್ತಿರಬೇಕು. ಮುಖ ತೋರಿಸದ ಹೆಣ ನಮ್ಮಲ್ಲಿ ಹೆಣವೇ ಅಲ್ಲ, ಅದು ನಟನಿಗೆ ಕೊಟ್ಟ ರಜೆ. ಸಿನಿಮಾ ಸಿಕ್ಕಿತೆಂದು ಮೆರೆಯುತ್ತ ಹೋದವನು ಸಿನಿಮಾ ಮಕಾಡೆ ಮಲಗಿದ ಮೇಲೆ ಬಂದೇ ಬರುತ್ತಾನೆ. ಆಗ ಯಾರ ಬಾಯಲ್ಲಾದರೂ ‘ಅಯ್ಯೋ, ಸತ್ತದ್ದು ಬೇರೆಯವನು’ ಎಂದು ಹೇಳಿಸಿದರಾಯಿತು.

ಹಾಗಾಗಿ ಬೆಂಗಳೂರಿನಿಂದ ನಿರ್ದೇಶಕ ಸಂಕರ್ಷಣ ಬೆಳಿಗ್ಗೆ ಫೋನ್ ಮಾಡಿ, “ವಸುಮತಿ ಮೇಡಂ, ಕ್ಯಾಪ್ಟನ್ ವಾಪಸ್ ಬರ್ತಿದಾನೆ” ಎಂದಾಗ ನಾನು ನಗಬೇಕಿತ್ತು. ನಗು ಬರಲಿಲ್ಲ.

“ಅವನನ್ನ ಸುಟ್ಟಾಗಿದೆಯಲ್ಲ?” ಎಂದೆ.

“ಸುಟ್ಟಿದ್ದು ಯಾರನ್ನ ಅಂತ ಯಾರು ನೋಡಿದ್ರು ಮೇಡಂ? ಬಟ್ಟೆ ಸುತ್ತಿದ ಗಂಟು. ನೀವೇ ಬರೆದಿದ್ದು. ಆಮೇಲೆ ಎಷ್ಟು ಬೈಸಿಕೊಂಡ್ವಿ, ನೆನಪಿದೆಯಾ?”

ನೆನಪಿಲ್ಲದೆ ಏನು! ಕ್ಯಾಪ್ಟನ್ ಹೆಸರು ಸೋಮಲಿಂಗಯ್ಯ, ನಮ್ಮ ಹಾಗೆ ಜಂಗಮರವನು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಕೊಡುತ್ತೇವೆ. ಯಾವುದೋ ಗ್ರಹದ ಹೊಳೆ ದಂಡೆಯಲ್ಲಿ ಅವನ ಚಿತೆ ಉರಿದ ಮರುದಿನ ಹುಬ್ಬಳ್ಳಿಯಿಂದ ಬೀದರಿನವರೆಗೆ ಜನ ಚಾನೆಲ್ಲಿಗೆ ಫೋನ್ ಮಾಡಿ ಜಾಡಿಸಿದರು. ಬರೆಯುವವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಕೇಳಿದರು.

“ಆ ತಪ್ಪೇ ಈಗ ನಮ್ಮನ್ನ ಕಾಪಾಡತ್ತೆ,” ಸಂಕರ್ಷಣನ ದನಿ ಕುಣಿಯುತ್ತಿತ್ತು. “ಸತ್ತಿದ್ದು ನಿಜವಾಗ್ಲೂ ಕ್ಯಾಪ್ಟನ್ನೇ ಆಗಿದ್ರೆ ಅವರ ಜನ ಸುಡ್ತಿದ್ರಾ? ಇಲ್ಲ ತಾನೇ? ಅಂದ್ಮೇಲೆ ಸುಟ್ಟಿದ್ದು ಅವನನ್ನಲ್ಲ. ಒಂದೇ ಸೀನು ಸಾಕು. ಹೆಂಡತಿ ಬಾಗಿಲು ತೆಗೀತಾಳೆ, ಗಂಡ ನಿಂತಿದಾನೆ. ಅವಳ ಬಾಯಲ್ಲಿ ಒಂದೇ ಒಂದು ಮಾತು. ಅದು ಎದೆಗೆ ನಾಟಬೇಕು. ಮಧ್ಯಾಹ್ನದೊಳಗೆ ಕೊಟ್ಟುಬಿಡಿ. ಇಲ್ಲಾಂದ್ರೆ ಸೋಮವಾರದಿಂದ ನಮ್ಮ ಜಾಗಕ್ಕೆ ಡಬ್ಬಿಂಗ್ ಸೀರಿಯಲ್ ಹಾಕ್ತಾರಂತೆ. ಲೈಟ್ ಹುಡುಗರಿಂದ ಹಿಡಿದು ಎಲ್ಲರೂ ಬೀದಿಗೆ ಬೀಳ್ತೀವಿ.”

ಫೋನ್ ಇಟ್ಟೆ. ತಪ್ಪಂತೆ, ತಪ್ಪು! ನಾನು ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ.

ನನ್ನ ಗಂಡ ಗುರುಪ್ರಕಾಶ ಇಲ್ಲಿ, ಕಾಶಿಯ ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರ ಕಲಿಸುತ್ತಿದ್ದರು. ಅದರ ಹೆಬ್ಬಾಗಿಲ ಎದುರಿನ ಲಂಕಾ ಎಂಬ ಬಾಜಾರಿನ ಹಿಂದಿನ ಓಣಿಯ ಈ ಮನೆಗೆ ನಾನು ಬಂದದ್ದು ಅವರ ಹಿಂದೆಯೇ. ಪ್ರತಿ ಕಂತನ್ನೂ ಮೊದಲು ಓದುತ್ತಿದ್ದವರು ಅವರೇ. “ಅಲ್ಲೆ ಗಾಳಿನ ಇಲ್ಲ ವಸೂ, ಬಾಂಬು ಢಂ ಅಂತ ಹ್ಯಾಂಗ ಅಂತದ?” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊರೋನಾದ ಎರಡನೇ ಅಲೆಯ ಆ ಬೇಸಿಗೆಯಲ್ಲಿ ತಾವೇ ನಡೆದುಕೊಂಡು ಹೋಗಿ ಆಂಬುಲೆನ್ಸ್ ಹತ್ತಿದರು. ಆಮೇಲೆ ಆಸ್ಪತ್ರೆಯಿಂದ ಬಂದದ್ದು ಸಾವಿನ ಸುದ್ದಿ ಮಾತ್ರ. ಇತ್ತ ನಾನೂ ಮಗಳು ಅಕ್ಷರಾಳೂ ಜ್ವರದಲ್ಲಿ ಬಿದ್ದಿದ್ದೆವು. ಮಣ್ಣು ಮಾಡಲು ಜಾಗ ಕೊಡುತ್ತೇವೆಂದು ನಮ್ಮ ಮಠದ ಸ್ವಾಮಿಗಳು ಎಷ್ಟು ಓಡಾಡಿದರೂ ಆ ದಿನಗಳಲ್ಲಿ ಯಾರು ಯಾರ ಮಾತು ಕೇಳುತ್ತಿದ್ದರು? ಹರಿಶ್ಚಂದ್ರ ಘಾಟಿನಿಂದ ಯಾರೋ ಒಂದು ವಿಡಿಯೋ ಕಳಿಸಿದರು. ಸಾಲು ಚಿತೆಗಳ ನಡುವೆ ಒಂದು ಗಂಟು. ಇದೇ ನಿಮ್ಮವರದು ಎಂದರು. ಮುಖ ಇರಲಿಲ್ಲ.

ನನ್ನ ಕಸುಬೇ ನನಗೆ ವೈರಿಯಾಯಿತು. ಮಠದಲ್ಲಿ ಅವರ ಹೆಸರಿನಲ್ಲಿ ಗಣಾರಾಧನೆ ಮಾಡಿಸಿದೆ, ಜನರಿಗೆ ಉಣ್ಣಿಸಿದೆ, ಪಿಂಚಣಿಯ ಕಾಗದಕ್ಕೂ ಸಹಿ ಹಾಕಿದೆ. ಅವರು ಇಲ್ಲ ಎಂದು ನನಗೆ ಗೊತ್ತು. ಆದರೂ ಬಾಗಿಲು ಬಡಿದರೆ ಸಾಕು, ಯಾರು ಎಂದು ಕೇಳದೆ ಓಡಿಹೋಗಿ ಚಿಲಕ ತೆಗೆಯುತ್ತೇನೆ. ಕೇಳಿ ತೆಗಿ ಎಂದು ಅಕ್ಷರಾ ಹಿಂದಿಯಲ್ಲಿ ಗದರುತ್ತಾಳೆ, “ಪೂಛ್ ಕೇ ಖೋಲಾ ಕರೋ, ಅಮ್ಮಾ!” ಹಾಲಿನವನೋ ಕೊರಿಯರಿನವನೋ ನಿಂತಿರುತ್ತಾನೆ. ಅಷ್ಟರಲ್ಲಿ ಅವರಿಗೆಂದು ಕಾದಿಟ್ಟ ಒಂದು ಮಾತು ನಾಲಿಗೆಯ ತುದಿಗೆ ಬಂದು ವಾಪಸ್ ಹೋಗಿರುತ್ತದೆ. ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ಬದುಕಿದ್ದೇನೆ.

ಈಗ ಸಂಕರ್ಷಣನಿಗೆ ಅದೇ ಬೇಕು. ಅದೇ ಎಂದು ಪಾಪ ಅವನಿಗೆ ಗೊತ್ತಿಲ್ಲ, ಅಷ್ಟೆ.

ಬೇರೆ ಮಾತು ಬರೆಯಲು ಕೂತೆ. ‘ನೀವು ಬಂದೇ ಬರ್ತೀರಾ ಅಂತ ನನಗೆ ಗೊತ್ತಿತ್ತು.’ ಥೂ! ‘ಇದು ಕನಸಾ?’ ಇದನ್ನು ಬರೆದ ಕೈಗೆ ಬರೆ ಹಾಕಬೇಕು. ಸುಮ್ಮನೆ ಅಪ್ಪಿಕೊಳ್ಳಲಿ ಎಂದು ಬರೆದೆ, ಅಳಿಸಿದೆ. ಬೆಳಿಗ್ಗೆ ಇಟ್ಟ ಅನ್ನ ಹಾಗೆಯೇ ಆರಿತು. ಸಂಕರ್ಷಣ ಮತ್ತೆ ಮತ್ತೆ ಫೋನ್ ಮಾಡಿದ. “ಮೇಡಂ, ಆರ್ಟಿಸ್ಟ್ ಮೇಕಪ್ ಹಾಕ್ಕೊಂಡು ಕೂತಿದಾರೆ.” ಕೊನೆಯ ಸಲ ಅವನ ದನಿಯೇ ಒಡೆದಿತ್ತು. “ನಿಮ್ಮ ಕಾಲಿಗೆ ಬೀಳ್ತೀನಿ ಮೇಡಂ.” ನಾನು ಯಾರ ಕಾಲಿಗೆ ಬೀಳಲಿ? ಕಪಾಟಿನ ಮೇಲಿದ್ದ ಗುರುಪ್ರಕಾಶರ ಫೋಟೋ ನೋಡಿ, “ನೀವರ ಏನಾದ್ರೂ ಹೇಳ್ರೀ, ನಗತೀರಲ್ಲ ಬರೇ!” ಎಂದು ಕೂಗಿಯೇಬಿಟ್ಟೆ.

ಆಗಲೇ ಅಕ್ಷರಾ ಕೋಚಿಂಗ್ ಕ್ಲಾಸಿನಿಂದ ಬಂದಳು. ಚೀಲವನ್ನೂ ಇಳಿಸದೆ ನನ್ನ ಹೆಗಲ ಮೇಲಿನಿಂದ ಬಾಗಿ ಪರದೆ ಓದಿದಳು. ಕ್ಯಾಪ್ಟನ್, ಬಾಗಿಲು, ಹೆಂಡತಿ. ಹೆಂಡತಿಯ ಹೆಸರಿನ ಮುಂದೆ ಖಾಲಿ. ಆಮೇಲೆ ಚೀಲ ಇಳಿಸಿದಳು.

“ಅಮ್ಮಾ, ನೀ ಅಡಗಿಮನ್ಯಾಗ ರೋಜ್ ಅಂತೀಯಲ್ಲ...” ಕನ್ನಡ ಅಲ್ಲಿಗೇ ತೀರಿತು. “ವಹೀ ಲಿಖ್ ದೋ.” ಅದನ್ನೇ ಬರೆದುಬಿಡು.

“ನಿನಗ ಕೇಳತೈತೇನ ಅದು?”

“ಹಮೇಶಾ,” ಎಂದಳು. ಯಾವಾಗಲೂ. ಅಪ್ಪನನ್ನು ಕಳೆದುಕೊಂಡವಳು ನಾನು ಬಾಗಿಲಿಗೆ ಓಡುವುದನ್ನೂ ನೋಡುತ್ತ ಬೆಳೆದಿದ್ದಾಳೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಬರೆದೆ. ‘ಎಲ್ಲಿ ಹೋಗಿದ್ರೀ ಇಷ್ಟೊತ್ತು? ಸಾರು ಎರಡು ಸಲ ಕಾಸೀನಿ. ಮತ್ತ ಕಾಸೂದು ನನ್ನ ಕೈಲೆ ಆಗೂದಿಲ್ಲ, ಲಗೂನ ಕೈಕಾಲು ತೊಳಕೊಂಡು ಬರ್ರಿ.’

ಕಳಿಸಿದೆ. ಮಗಳೂ ನಾನೂ ಅಪ್ಪಿಕೊಂಡು ಅತ್ತೆವು, ಆ ಬೇಸಿಗೆಯಲ್ಲಿ ಜ್ವರದ ನಡುವೆ ಅಳಲಾಗದೆ ಉಳಿದದ್ದನ್ನೆಲ್ಲ.

ಸಂಜೆ ಸಂಕರ್ಷಣನ ಫೋನ್ ಬಂತು. “ಮೇಡಂ, ಒಂದೇ ಟೇಕ್! ಸೆಟ್ಟಲ್ಲಿ ಎಲ್ರೂ ಅತ್ತುಬಿಟ್ರು. ಚಾನೆಲ್‌ನೋರು ಒಪ್ಪಿದಾರೆ, ಸೀರಿಯಲ್ ನಿಲ್ಲಲ್ಲ. ಎಲ್ಲಿಂದ ಹೊಳೀತವೆ ನಿಮಗೆ ಇಂಥ ಮಾತು?”

“ಏನೋ, ಹೊಳೀತು,” ಎಂದೆ.

ಫೋನ್ ಕೆಳಗಿಡುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅಭ್ಯಾಸದಂತೆ ಎದ್ದು ಓಡಿದೆ, ಚಿಲಕದ ಮೇಲೆ ಕೈಯಿಟ್ಟೆ. ನಾಲಿಗೆಯ ಮೇಲೆ ಏನೂ ಇರಲಿಲ್ಲ. ಆ ಮಾತು ಈಗ ಇನ್ನೊಬ್ಬಳದು, ಅವಳ ಗಂಡ ಮನೆಗೆ ಬಂದಾಗಿದೆ.

ನಾನೂ ಗುರುಪ್ರಕಾಶರೂ ಎಂದೂ ಹಿಂದಿಯಲ್ಲಿ ಮಾತಾಡಿದವರಲ್ಲ. ಹಿಂದಿ ಏನಿದ್ದರೂ ಹೊರಗಿನವರಿಗೆ. ತಿರುಗಿ ನೋಡಿದೆ. ಅಕ್ಷರಾ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನೇ ನೋಡುತ್ತ ನಿಂತಿದ್ದಳು.

ಚಿಲಕ ತೆಗೆಯದೆ ಕೇಳಿದೆ, “ಕೌನ್ ಹೈ?”