ಅಪೊಂಡಿ ತುಳಿದ ಹಾಡು

ಹೋಮಾ ಬೇ ಊರಿನ ಸರೋವರದ ದಂಡೆಯಲ್ಲಿ ನಾವು ವರ್ಷಕ್ಕೊಮ್ಮೆ ನಡೆಸುವ ಹಾಡಿನ ಹಬ್ಬಕ್ಕೆ ಅಪೊಂಡಿ ಬರುತ್ತಿದ್ದುದು ಕರಿದ ಮೀನು ಮಾರಲು ಮಾತ್ರ. ಬುಟ್ಟಿ ಖಾಲಿಯಾದರೆ ಹೊರಟುಬಿಡುತ್ತಿದ್ದಳು. ಹಾಡುವವರು ಯಾರೆಂದು ತಿರುಗಿಯೂ ನೋಡುತ್ತಿರಲಿಲ್ಲ.

ಆ ವರ್ಷ ಮೈಕು, ಸ್ಪೀಕರುಗಳ ಉಸ್ತುವಾರಿ ನನ್ನದು. ಹೊಗೆಯುಗುಳುವ ಜನರೇಟರನ್ನು ಬಿಟ್ಟು ವೇದಿಕೆಯ ಮಾಡಿಗೆ ಸೋಲಾರ್ ಹಾಕಿಸಿದ್ದೆ. ಪಕ್ಕದಲ್ಲಿ, ತುಳಿದರೆ ಕರೆಂಟು ಹುಟ್ಟಿಸುವ ಹನ್ನೆರಡು ಸೈಕಲ್‌ಗಳನ್ನು ನೆಲಕ್ಕೆ ಬಿಗಿದಿದ್ದೆ. ಅಪೊಂಡಿ ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು.

"ಏನೋ ಒಡೇರಾ, ಇದನ್ನ ಹತ್ತಿ ಯಾವೂರಿಗೆ ಹೋಗ್ತೀಯೋ?"

"ಮೋಡ ಬಂದ್ರೆ ಇದನ್ನೇ ತುಳೀಬೇಕಮ್ಮಾ. ಆಗ್ಲೇ ಹಾಡು."

"ಬಿಸಿಲಿಗೆ ಮೀನು ಒಣಗುತ್ತೆ ಕಣೋ, ಹಾಡು ಬರಲ್ಲ."

ಮಧ್ಯಾಹ್ನ ಮೂರಕ್ಕೆ ಮೋಡ ಬಂದೇ ಬಂತು. ಗಿಟಾರು ಹಿಡಿದ ನ್ಯಾಂಗ್ವೆಸೊ ಊರೂರಿನ ಹೆಣ್ಣುಮಕ್ಕಳನ್ನು ಹೊಗಳುತ್ತಾ ಹಾಡುತ್ತಿದ್ದ. ಸೈಕಲ್ ಮೇಲಿದ್ದ ನಾಲ್ವರು ಏದುಸಿರು ಬಿಡುತ್ತಿದ್ದರು. ಅವನು "ರುಸಿಂಗಾ ದ್ವೀಪದ..." ಎನ್ನುವಷ್ಟರಲ್ಲಿ ಸ್ಪೀಕರು ಗೊರಗೊರ ಎಂದು ಸುಮ್ಮನಾಯಿತು.

ಅಪೊಂಡಿಯ ತವರು ರುಸಿಂಗಾ.

"ಅಯ್ಯೋ, ನಮ್ಮೂರು ಬಂದಾಗ್ಲೇ ನಿಲ್ಬೇಕಾ? ಇಳಿಯೋ ಕೆಳಗೆ!" ಒಬ್ಬನನ್ನು ಎಳೆದಿಳಿಸಿ, ಲಂಗ ಎತ್ತಿಕಟ್ಟಿ ಸೈಕಲ್ ಹತ್ತಿದಳು. ಅವಳು ತುಳಿದ ರಭಸಕ್ಕೆ ಉಳಿದವರಿಗೂ ಹುರುಪು ಬಂತು. ಗಿಟಾರು ಮತ್ತೆ ಸಣ್ಣಗೆ ಕೇಳತೊಡಗಿತು.

"ಮೆಲ್ಲಗೆ ಅಪೊಂಡಿ, ಸ್ಪೀಕರು ಸಿಡಿದುಹೋಗುತ್ತೆ!" ದೋಣಿ ನಡೆಸುವ ಒಬೂಯಾ ಕೂಗಿದ.

"ಬಾಯಲ್ಲೇ ಹುಟ್ಟು ಹಾಕ್ಬೇಡ, ಬಂದು ತುಳಿ!"

ಜನ ಹೋ ಎಂದು ನಕ್ಕರು. ಒಬೂಯಾನೂ ಬಂದ. ಹನ್ನೆರಡು ಸೈಕಲ್ಲೂ ತುಂಬಿ, ಹಿಂದೆ ಸಾಲು ಬೆಳೆಯಿತು. ನ್ಯಾಂಗ್ವೆಸೊ ಗಂಟಲೆತ್ತಿ, "ರುಸಿಂಗಾದ ಮಗಳು ಅಪೊಂಡಿ, ಗಾಳಿಯನ್ನೇ ಹಿಂದೆ ಹಾಕಿದಳು" ಎಂದು ಹಾಡಿದಾಗ ಅವಳು ನಗುತ್ತಲೇ ಅತ್ತಳು. ದೊಡ್ಡ ಕೊಕ್ಕರೆಯೊಂದು ಅವಳ ಬುಟ್ಟಿಯಿಂದ ಎರಡು ಮೀನು ಎಗರಿಸಿದ್ದನ್ನು ನೋಡಲೇ ಇಲ್ಲ.

ಆಮೇಲೆ ಅವಳ ಅಂಗಡಿಯಲ್ಲಿ ಸೀಮೆಎಣ್ಣೆ ದೀಪ ಹೋಗಿ ಸೋಲಾರ್ ದೀಪ ಬಂತು. ಪಕ್ಕದವನ ಜನರೇಟರ್ ಹೊಗೆಗೆ ದಿನವೂ ಬೈಗುಳ ಶುರುವಾಯಿತು.

ಮರುವರ್ಷ ನಮ್ಮ ಹಬ್ಬದ ದಿನವೇ ಊರ ಮೈದಾನದಲ್ಲಿ ಯಾರೋ ದೊಡ್ಡ ಗಾಯಕರ ಕಾರ್ಯಕ್ರಮ, ಟಿಕೆಟ್ಟೂ ಇಲ್ಲ. ನಮ್ಮಲ್ಲಿಗೆ ಯಾರು ಬಂದಾರೆಂದು ನಾನು ಕಂಗಾಲಾಗಿದ್ದೆ. ಬೆಳಿಗ್ಗೆ ಹತ್ತಕ್ಕೇ ಅಪೊಂಡಿ ಮೀನುಪೇಟೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಕೈಯಲ್ಲಿ ಬುಟ್ಟಿಯಿರಲಿಲ್ಲ.

"ಅಲ್ಲಿ ಬಿಟ್ಟಿಯಂತಲ್ಲಮ್ಮಾ?"

"ಇರ್ಲಿ ಬಿಡೋ. ಅಲ್ಲಿ ನಾನು ಹೋದ್ರೂ ಹಾಡ್ತಾರೆ, ಹೋಗದಿದ್ರೂ ಹಾಡ್ತಾರೆ. ಇಲ್ಲಿ ನಾವು ತುಳಿದ್ರೇನೇ ಹಾಡು."

ಆ ದಿನ ಒಂದು ಚೂರೂ ಮೋಡವಿರಲಿಲ್ಲ, ಸೋಲಾರೇ ಧಾರಾಳ ಸಾಕಿತ್ತು. ಹಾಗೆಂದು ಹೇಳಲು ಬಾಯಿ ತೆರೆದೆ. ಲಂಗ ಎತ್ತಿಕಟ್ಟಿ ಸೈಕಲ್‌ಗಳ ಮುಂದೆ ನಿಂತಿದ್ದ ಅಷ್ಟೂ ಹೆಂಗಸರ ಮುಖ ನೋಡಿದೆ. ಸದ್ದಿಲ್ಲದೆ ಮಾಡು ಹತ್ತಿ ಸೋಲಾರ್ ತಂತಿ ಬಿಚ್ಚಿಬಿಟ್ಟೆ.