ಹೊಸಮನಿಯವರ ಹೆಪ್ಪು

ಕರೆಗಂಟೆ ಒತ್ತಿದ ಬೆರಳನ್ನು ಹೇಮಲತಾ ತೆಗೆಯಲೇ ಇಲ್ಲ. ಬಾಗಿಲು ತೆರೆದ ಪಾಂಡುರಂಗರಾಯರು ಅವಳ ಮುಖ ನೋಡಿ ಬನಿಯನ್ನಿನ ಮೇಲೆ ಟವೆಲ್ ಎಳೆದುಕೊಂಡರು.

"ಬಾ ತಂಗಿ, ಒಳಗ ಬಾ. ಏನಾತು?"

"ಜಯಂತಿಭಾಯಿಗೆ ನಮ್ಮ ಬಗ್ಗೆ ಏನ್ ಹೇಳಿದ್ರಿ ಅಣ್ಣಾರ?"

ವಡೋದರಾದ ಫತೇಗಂಜ್‌ನ ಈ ಸೊಸೈಟಿಯ ಸೆಕ್ರೆಟರಿ ಜಯಂತಿಭಾಯಿ ನಿನ್ನೆಯವರೆಗೂ ಮಾತಿನಲ್ಲೇ ಪಾಯಸ ಉಣ್ಣಿಸಿದ್ದ. ಹೇಮಲತಾಳ ಗಂಡ ಸತ್ಯಪ್ರಕಾಶ ಈ ತಿಂಗಳು ನಿವೃತ್ತನಾಗುತ್ತಾನೆ, ಕೊಯಾಲಿ ರಿಫೈನರಿಯ ಟೌನ್‌ಶಿಪ್ಪಿನ ಕ್ವಾರ್ಟರ್ಸ್ ಬಿಡಬೇಕು; ಮಗಳು ಮೇದಿನಿಯ ಓದು ಇನ್ನೂ ಇಲ್ಲೇ. ಇಲ್ಲಿನ ಎರಡನೇ ಮಹಡಿಯ ಫ್ಲ್ಯಾಟ್ ಕೊಳ್ಳುವ ಮಾತು ಹೆಚ್ಚುಕಡಿಮೆ ಮುಗಿದಿತ್ತು. ಕೊನೆಗೆ ಜಯಂತಿಭಾಯಿ ಕೇಳಿದ್ದು ಅಟಕ್. ಅಡ್ಡಹೆಸರಿಗೆ ಗುಜರಾತಿಯಲ್ಲಿ ಹಾಗೆನ್ನುತ್ತಾರೆ. ಅದೊಂದು ಕಿವಿಗೆ ಬಿದ್ದರೆ ಸಾಕು, ಮನುಷ್ಯನನ್ನು ಎಲ್ಲಿ ಕೂರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ತೀರ್ಮಾನವಾಗುತ್ತದೆ. "ಹೊಸಮನಿ" ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಹೊಸ ಮನೆ ಅಂತ ಅರ್ಥ ಎಂದಾಗ ಶುಭ ಶಕುನ ಎಂದು ನಕ್ಕ. ಆ ಹುರುಪಿನಲ್ಲಿ ಹೇಮಲತಾಳೇ ಹೇಳಿಬಿಟ್ಟಳು: ಮೂರನೇ ಮಹಡಿಯ ರಾಯರನ್ನು ಕೇಳಿ, ನಮ್ಮ ಕನ್ನಡದವರು. ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಳು. ಇವತ್ತು ಬೆಳಿಗ್ಗೆ ಅವನ ಫೋನು ಬಂತು. ಫ್ಲ್ಯಾಟ್ ಮಾಲೀಕರ ಸಂಬಂಧಿಗೆ ಹೋಯಿತಂತೆ.

"ಅಂವಾ ಬಂದು ಕೇಳಿದಾ, ಯಾವ ಪೈಕಿ ಅಂತ." ರಾಯರು ಕುರ್ಚಿಯ ತುದಿಯಲ್ಲಿ ಕೂತರು. "ಸುಳ್ಳು ಹೇಳ್ಲಿಕ್ಕೆ ಬರ್ತದೇನು? ನನಗಂತೂ ಜಾತಿ-ಗೀತಿ ಏನೂ ಇಲ್ಲ, ನಿನಗ ಗೊತ್ತದ. ಈ ಮಂದಿ ಇನ್ನೂ ಹಂಗ ಇದ್ದಾರ. ಸರ್ಕಾರ ಬಡಿಗಿ ಹಿಡಕೊಂಡು ನಿಂತ್ರ ಮನಸ್ಸು ಬದಲಾಗೂದಿಲ್ಲ ತಂಗಿ. ಅದು ತಾನಾಗೇ ಆಗಬೇಕು, ಸಾವಕಾಶ."

ರಾಯರು ಟೌನ್‌ಶಿಪ್ಪಿನಲ್ಲಿ ಪಕ್ಕದ ಮನೆಯಲ್ಲಿದ್ದಾಗ ಈ ಉಪದೇಶವನ್ನು ಎಷ್ಟೋ ದೀಪಾವಳಿಗಳಲ್ಲಿ ಕೇಳಿದ್ದಳು. ಹಿರಿಯರೆಂದು ನಕ್ಕು ಸುಮ್ಮನಾಗುತ್ತಿದ್ದಳು. ಇವತ್ತು ಮೈಯೆಲ್ಲ ಉರಿಯಿತು.

"ತಾನಾಗೇ? ಟೌನ್‌ಶಿಪ್‌ನ್ಯಾಗ ನಿಮ್ಮ ಗ್ವಾಡಿಗೆ ನಮ್ಮ ಗ್ವಾಡಿ ತಾನಾಗೇ ಬಂದು ಹತ್ತಿತ್ತೇನ್ರಿ? ಸರ್ಕಾರದ ಮನಿ ಅವು. ನಾವು ಬಂದ ವಾರದಾಗ ನಮಗ ಬ್ಯಾರೆ ಮನಿ ಕೊಡ್ರಿ ಅಂತ ಆಫೀಸಿಗೆ ಹೋಗಿದ್ರಿ. ನನಗ ಗೊತ್ತಿಲ್ಲ ಅಂದ್ಕೊಂಡೀರೇನು? ಆಗಂಗಿಲ್ಲ, ಅಲ್ಲೇ ಇರ್ರಿ ಅಂದ್ರು. ಅವತ್ತು ಅವರು ಹಂಗ ಅಂದಿದ್ದಕ್ಕ ನೀವು ನನಗ ಅಣ್ಣ ಆದ್ರಿ!"

ರಾಯರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಅಷ್ಟರಲ್ಲಿ ಅವರ ಹೆಂಡತಿ ಶಾಂತಾಬಾಯಿ ಮಜ್ಜಿಗೆಯ ಲೋಟ ಹಿಡಿದು ಬಂದರು.

"ಬಿಸಲಾಗ ಬಂದೀ, ಕುಡಿ ಹೇಮಾ. ನೀ ಕೊಟ್ಟ ಹೆಪ್ಪಿನದೇ. ಇವರಿಗೆ ಬ್ಯಾರೆ ಮೊಸರು ಸೇರೂದಿಲ್ಲ."

ಎಂದೋ ಒಂದು ಬೇಸಿಗೆಯಲ್ಲಿ ಹಾಲು ಹೆಪ್ಪಾಗದೆ ಕೆಟ್ಟು, ಕಾಂಪೌಂಡ್ ಗೋಡೆಯ ಮೇಲಿಂದ ಬಟ್ಟಲು ಚಾಚಿದ್ದರು ಶಾಂತಾಬಾಯಿ. ಅಂದು ಹೇಮಲತಾ ಕೊಟ್ಟ ಮೊಸರೇ ದಿನವೂ ಒಂದು ಚಮಚ ಉಳಿದು, ಕೊಯಾಲಿಯಿಂದ ಈ ಮನೆಯವರೆಗೂ ಬಂದಿತ್ತು. ದೇವರ ನೈವೇದ್ಯಕ್ಕೂ ಅದೇ.

ಹೇಮಲತಾ ಲೋಟ ಮುಟ್ಟಲಿಲ್ಲ.

"ಜಯಂತಿಭಾಯಿಗೆ ಇದನ್ನೂ ಹೇಳ್ರಿ ಅಣ್ಣಾರ. ಸುಳ್ಳು ಹೇಳಾಕ ಬರಂಗಿಲ್ಲಲ್ಲ ನಿಮಗ. ಈ ಮನಿ ಮೊಸರಿನ ಅಟಕ್ ಸೈತ ಹೊಸಮನಿ ಅಂತ ಹೇಳ್ರಿ."

ಮೆಟ್ಟಿಲಿಳಿದು ಬಂದಳು. ಎರಡನೇ ಮಹಡಿಯ ಬೀಗದ ಬಾಗಿಲಿಗೆ ಮಾರಾಟದ ಬೋರ್ಡು ಇನ್ನೂ ತೂಗುತ್ತಿತ್ತು. ಗೇಟಿನ ಬಳಿ ತಿರುಗಿ ನೋಡಿದಳು. ಮೇಲೆ ರಾಯರ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಹಾಲಿನ ಪಾತ್ರೆ ಆರಲು ಇಟ್ಟಿತ್ತು. ಶಾಂತಾಬಾಯಿ ಒಂದು ಚಮಚ ಮೊಸರು ಹಿಡಿದು ಅದರ ಮುಂದೆ ನಿಂತಿದ್ದರು. ಒಳಗಿನಿಂದ ರಾಯರು ಏನೋ ಹೇಳುತ್ತಿರಬೇಕು. ಶಾಂತಾಬಾಯಿ ಹಿಂದೆ ತಿರುಗಿ ನೋಡಿದರು. ಚಮಚ ಇನ್ನೂ ಹಾಲಿನ ಮೇಲೆಯೇ ಇತ್ತು.